ಜಗದಾಂಬಳ ಹೊಟ್ಟೆಕಿಚ್ಚು, ಮುತ್ತುವಿನ ಹೊಟ್ಟೆಯುಬ್ಬರ

ಬೆಳಗೋಡಿನಿಂದ ಸ್ವಲ್ಪ ಒಳಗೆ ಕಾಫಿ ಒಣಗಿಸುವ ಒಂದು ಕಣ. ಕಣದ ಆಚೆಗೊಂದು ಮನೆ, ಈಚೆಗೊಂದು ಮನೆ. ಈಚೆಯದು ಅಣ್ಣ ಶಾಂತಮಲ್ಲಪ್ಪನದು, ಆಚೆಯದು ತಮ್ಮ ದಯಾನಂದನದು. ಅಣ್ಣತಮ್ಮಂದಿರ ನಡುವೆ ಯಾವ ತಕರಾರೂ ಇರಲಿಲ್ಲ. ತಕರಾರೆಲ್ಲ ಇದ್ದದ್ದು ಅಣ್ಣನ ಹೆಂಡತಿ ಜಗದಾಂಬಳ ಹೊಟ್ಟೆಯೊಳಗೆ.

ಓರಗಿತ್ತಿ ನೇತ್ರಾವತಿಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ನೇತ್ರಾವತಿ ಏನಾದರೂ ಕೆಟ್ಟದ್ದು ಮಾಡಿದ್ದಳೇ? ಇಲ್ಲ. ಅದೇ ತೊಂದರೆ. ಒಂದು ನೆಪ ಸಿಕ್ಕಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಈ ಹುಡುಗಿ ನಗುನಗುತ್ತಾ "ಅಕ್ಕಾ, ತಿಂಡಿ ಆಯ್ತಾ?" ಎಂದು ಕೇಳುವಳು. ಜಗದಾಂಬಳ ಹೊಟ್ಟೆ ಉರಿಯುವುದು.

ಇದು ಸಾಲದು ಎಂಬಂತೆ ನೇತ್ರಾವತಿ ಹಾಸನದ ತವರಿನಿಂದ ಎರಡು ಗಿನಿಪಿಗ್ ತಂದಳು. ಇಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು, ಬಾಲವೇ ಇಲ್ಲದ ಸಾಧು ಪ್ರಾಣಿ. ಜಗದಾಂಬಳ ಮಗಳು ಹೇಮಶ್ರೀ ಶಾಲೆಯಿಂದ ಬಂದವಳು ಚೀಲ ಎಸೆದು ಆಚೆ ಮನೆಗೆ ಓಡುವಳು. ಕತ್ತಲಾದ ಮೇಲೆ ಬರುವಳು. ಊಟಕ್ಕೆ ಕೂತರೆ "ಚಿಕ್ಕಿ ಹಿಂಗಂದ್ಲು, ಚಿಕ್ಕಿ ಹಂಗಂದ್ಲು." ಹೆತ್ತವಳು ಬಡಿಸಿದ ಸಾರು ಹೇಗಿದೆ ಎಂಬ ಮಾತಿಲ್ಲ.

"ಶಿವಪೂಜೆ ಮಾಡೋ ಮನೇಲಿ ಹಂದಿ ಸಾಕ್ತಾಳಲ್ರೀ ನಿಮ್ಮ ತಮ್ಮನ ಹೆಂಡ್ತಿ!" ಎಂದು ಜಗದಾಂಬ ಗಂಡನ ಹತ್ತಿರ ದೂರಿದಳು.

"ಹೆಸ್ರು ಹಂಗೆ ಕಣೇ, ಅದು ಹಂದಿ ಅಲ್ಲ," ಎಂದ ಶಾಂತಮಲ್ಲಪ್ಪ.

ಮರುವಾರ ಜಗದಾಂಬ ಹಾಸನಕ್ಕೆ ಹೋದವಳು ಬುಟ್ಟಿಯೊಳಗೆ ಒಂದು ಗಿನಿಪಿಗ್ ಇಟ್ಟುಕೊಂಡೇ ಬಂದಳು.

ಶಾಂತಮಲ್ಲಪ್ಪ ಬುಟ್ಟಿಯೊಳಗೆ ಇಣುಕಿದ. "ತೋಟಕ್ಕೆ ನುಗ್ಗೋ ಹಂದಿಗಳು ಸಾಲ್ದು ಅಂತ ಮನೆ ಒಳಕ್ಕೂ ತಂದ್ಯಾ?"

"ಹಂದಿ ಗಿಂದಿ ಅನ್ಬೇಡಿ. ಇದು ಮುತ್ತು."

ಹೇಮಶ್ರೀ ಕುಣಿದಾಡಿದಳು. ಅಂದು ಸಂಜೆ ಆಚೆ ಮನೆಗೆ ಹೋಗಲೇ ಇಲ್ಲ. ಜಗದಾಂಬಳಿಗೆ ಎಷ್ಟೋ ದಿನದ ಮೇಲೆ ಊಟ ರುಚಿಸಿತು.

ಆದರೆ ಹೊಟ್ಟೆಕಿಚ್ಚಿನವರಿಗೆ ಸಮ ಆದರೆ ಸಾಕಾಗುವುದಿಲ್ಲ, ಒಂದು ಕೈ ಮೇಲಾಗಬೇಕು. ನೇತ್ರಾವತಿ ತನ್ನ ಗಿನಿಪಿಗ್‌ಗಳ ಮುಂದೆ ಸದಾ ಒಣಹುಲ್ಲು ರಾಶಿ ಹಾಕಿರುತ್ತಿದ್ದಳು, ಜೊತೆಗೆ ಒಂದಿಷ್ಟು ಸೊಪ್ಪು, ಒಂದು ಹೋಳು ಸೀಬೆಹಣ್ಣು, ಅಷ್ಟೇ. "ಜಿಪುಣಿ! ಒಣಹುಲ್ಲು ಹಾಕೋಕೆ ಅದೇನು ದನವಾ?" ಎಂದುಕೊಂಡಳು ಜಗದಾಂಬ. ಮುತ್ತುವಿಗೆ ಬೆಳಗ್ಗೆ ಅಕ್ಕಿರೊಟ್ಟಿ ಚೂರು, ಮಧ್ಯಾಹ್ನ ಅನ್ನ, ಸಂಜೆ ಬಿಸ್ಕತ್ತು. ಅವರೆಕಾಯಿ ಕಾಲವಾದ್ದರಿಂದ ಬಿಡಿಸಿದ ಕಾಳೂ ಅದರ ಗೂಡಿಗೆ, ಕೋಸಿನ ಎಲೆಯೂ ಅದರ ಗೂಡಿಗೆ. ಮುತ್ತು ಗುಂಡಗಾಯಿತು. ಅದನ್ನು ಸೆರಗಿನ ಮೇಲೆ ಕೂರಿಸಿಕೊಂಡು, ನೇತ್ರಾವತಿಗೆ ಕಾಣುವ ಹಾಗೆ ಜಗದಾಂಬ ಕಣದ ಅಂಚಿನಲ್ಲಿ ಓಡಾಡಿದಳು.

ನೇತ್ರಾವತಿ ನೋಡಿದಳು. ಹೊಗಳಲಿಲ್ಲ. "ಅಕ್ಕಾ, ಅದ್ಕೆ ರೊಟ್ಟಿ, ಅನ್ನ ಎಲ್ಲ ಹಾಕ್ಬೇಡಿ. ಹುಲ್ಲು ಹಾಕಿ. ಇಲ್ದಿದ್ರೆ ಹೊಟ್ಟೆ ಕೆಡ್ತದೆ. ನಮ್ಮಣ್ಣ ಇವನ್ನ ಕೊಡುವಾಗ್ಲೇ ಹೇಳಿದ್ದ."

ಜಗದಾಂಬ ಒಳಗೆ ಬಂದು ಪಾತ್ರೆ ಕುಕ್ಕಿದಳು. "ನನ್ನ ಮುತ್ತು ಮೈ ತುಂಬ್ಕೊಂಡಿರೋದು ನೋಡಿ ಅವಳಿಗೆ ಹೊಟ್ಟೆಕಿಚ್ಚು!"

ಒಂದು ಶನಿವಾರ ಬೆಳಗ್ಗೆ ಮುತ್ತು ಮೂಲೆ ಹಿಡಿದು ಕೂತಿತ್ತು. ಬೆನ್ನು ಗೂನಾಗಿತ್ತು. ಮೈಕೂದಲು ಕೆದರಿತ್ತು. ರೊಟ್ಟಿ ಮೂಸಲಿಲ್ಲ. ಕಟಕಟ ಹಲ್ಲು ಕಡಿಯುತ್ತಿತ್ತು. ಹೊಟ್ಟೆ ಊದಿತ್ತು.

"ಅಮ್ಮಾ, ಮುತ್ತು ಹಿಕ್ಕೇನೇ ಹಾಕಿಲ್ಲ ನೋಡು. ಚಿಕ್ಕಿನ ಕರೀಲಾ?" ಎಂದಳು ಹೇಮಶ್ರೀ.

"ಯಾಕೆ, ನಿಮ್ಮ ಚಿಕ್ಕಿ ಏನು ಡಾಕ್ಟ್ರಾ? ನಾನಿಲ್ವಾ? ನಡಿ ಸ್ಕೂಲಿಗೆ."

ಮಗಳು ಮುಖ ಇಳಿಬಿಟ್ಟುಕೊಂಡು ಹೋದಳು. ಜಗದಾಂಬಳಿಗೆ ಕಾರಣ ಆಗಲೇ ಹೊಳೆದಿತ್ತು. ದೃಷ್ಟಿ! ಅವತ್ತು ಕಣದ ಅಂಚಿನಲ್ಲಿ ನೇತ್ರಾವತಿ ಅಷ್ಟು ಹೊತ್ತು ನೋಡಿದ್ದಳಲ್ಲ? ಅವಳದೇ ಕಣ್ಣು. ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಹಿಡಿದು ಮುತ್ತುವಿಗೆ ಇಳಿತೆಗೆದು ಬಚ್ಚಲ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ ಎಂಬುದು ಅವಳ ಅತ್ತೆ ಹೇಳಿಕೊಟ್ಟ ಲೆಕ್ಕ.

ಘಾಟು ಎಂದರೆ ಎಂಥ ಘಾಟು! ಶಾಂತಮಲ್ಲಪ್ಪ ಕೆಮ್ಮುತ್ತಾ ಹೊರಗೆ ಓಡಿದ. ಕಣದಲ್ಲಿ ಕಾಫಿ ಹರವುತ್ತಿದ್ದ ಆಳು ದ್ಯಾವಯ್ಯ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ.

"ಅಮ್ಮಾರೇ, ದೃಷ್ಟಿ ಇಲ್ಲ ಅಂತ ಆಯ್ತಲ್ಲ! ಇನ್ನೊಂದ್ ಸಾರಿ ತೆಗೀಬೇಡಿ, ನಾವ್ ಹೋಗ್ಬುಡ್ತೀವಿ!" ಎಂದು ಕೂಗಿದ.

"ಸುಮ್ನೆ ಕೆಲ್ಸ ನೋಡು ದ್ಯಾವಯ್ಯ. ಮೆಣಸಿನಕಾಯಿ ಹೊಸ್ದು, ಅದ್ಕೆ ಘಾಟು," ಎಂದಳು ಜಗದಾಂಬ. ನೇತ್ರಾವತಿಯ ಕಣ್ಣಿನದು ತಪ್ಪಿಲ್ಲ ಎಂದು ತನ್ನ ಒಲೆಯೇ ಸಾಕ್ಷಿ ಹೇಳಿದರೂ ಅವಳು ಒಪ್ಪಲಿಲ್ಲ.

ಆಮೇಲೆ ಅದಕ್ಕಿಂತ ದೊಡ್ಡ ತಪ್ಪು ಮಾಡಿದಳು. ಮಕ್ಕಳಿಗೆ ಹೊಟ್ಟೆ ಉಬ್ಬರಿಸಿದರೆ ಏನು ಮಾಡುತ್ತೇವೆ? ಒಂದು ಹೊತ್ತು ಉಪವಾಸ. ಗೂಡಿನಲ್ಲಿದ್ದ ಸೊಪ್ಪುಸದೆ, ನೆಲಕ್ಕೆ ಹಾಸಿದ್ದ ಹುಲ್ಲು, ಎಲ್ಲವನ್ನೂ ಬಳಿದು ತೆಗೆದಳು. "ಹೊಟ್ಟೆ ಖಾಲಿ ಆದ್ರೆ ತಾನೇ ಸರಿಹೋಗ್ತದೆ" ಎಂದು ಬಾಗಿಲು ಹಾಕಿದಳು.

ಶನಿವಾರದ ಶಾಲೆ ಬೇಗ ಬಿಡುತ್ತದೆ. ಹೇಮಶ್ರೀ ಬಂದವಳೇ ಗೂಡಿನ ಮುಂದೆ ಕೂತಳು. ಮುತ್ತು ತಲೆ ಎತ್ತಲಿಲ್ಲ. ಹುಡುಗಿ ಗೋಳೋ ಎಂದು ಅತ್ತಿದ್ದರೆ ಜಗದಾಂಬ ಗದರಿಸುತ್ತಿದ್ದಳು. ಅಳಲಿಲ್ಲ. ತಾಯಿಯ ಕಡೆ ತಿರುಗಿ ಮೆಲ್ಲಗೆ ಅಂದಳು:

"ಚಿಕ್ಕಿಗೆ ಗೊತ್ತೈತೆ ಏನ್ ಮಾಡ್ಬೇಕು ಅಂತ. ನಿಂಗೆ ಅವಳನ್ನ ಕೇಳೋಕೆ ಇಷ್ಟ ಇಲ್ಲ. ಮುತ್ತು ಸತ್ರೂ ಪರವಾಗಿಲ್ಲ ನಿಂಗೆ."

ಜಗದಾಂಬಳಿಗೆ ಕೆನ್ನೆಗೆ ಹೊಡೆದಂತಾಯಿತು. ಮಗಳನ್ನು ತನ್ನ ಕಡೆ ಎಳೆದುಕೊಳ್ಳಬೇಕೆಂದು ತಂದ ಪ್ರಾಣಿ. ಅದು ಹೋದರೆ ಮಗಳೂ ಕೈತಪ್ಪುತ್ತಾಳೆ. ಗೂಡು ಎತ್ತಿಕೊಂಡಳು. ಕಣದ ಆಚೆ ಬದಿಗೆ ನಡೆದಳು. ದ್ಯಾವಯ್ಯ ಕಾಫಿ ಹರವುವುದನ್ನು ನಿಲ್ಲಿಸಿ ಬಾಯಿಬಿಟ್ಟುಕೊಂಡು ನೋಡಿದ.

"ನೇತ್ರಾ, ಇದ್ಕೆ ಏನೋ ಆಗೈತೆ ನೋಡು," ಎಂದಳು. ಗೂಡನ್ನು ನೇತ್ರಾವತಿಯ ಮುಂದೆ ಇಟ್ಟಳು.

ನೇತ್ರಾವತಿ ಮುತ್ತುವಿನ ಹೊಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. ತಮಟೆಯ ಹಾಗೆ ಬಿಗಿದಿತ್ತು. "ಯಾವಾಗಿಂದ ತಿಂದಿಲ್ಲ ಅಕ್ಕಾ?"

"ಬೆಳಗ್ಗೆ ರೊಟ್ಟಿ ಮೂಸ್ಲಿಲ್ಲ. ಆಮೇಲೆ ನಾನೇ ಏನೂ ಹಾಕಿಲ್ಲ. ಉಪವಾಸ ಇಟ್ಟಿದ್ದೆ."

"ಅಯ್ಯೋ ಅಕ್ಕಾ! ಉಪವಾಸ ಹಾಕ್ಬುಟ್ರಾ! ಇವು ಅರ್ಧ ದಿನ ತಿನ್ನದಿದ್ರೆ ಪ್ರಾಣಕ್ಕೇ ಬರ್ತದೆ. ಹೊಟ್ಟೆ ನಡೀತಾನೇ ಇರ್ಬೇಕು ಇವಕ್ಕೆ." ಮೊದಲ ಸಲ ನೇತ್ರಾವತಿ ಧ್ವನಿ ಎತ್ತಿದ್ದಳು. ಆಮೇಲೆ ತಾನೇ ಸಕಲೇಶಪುರದ ಪಶುವೈದ್ಯೆ ಮೋನಿಕಾ ಅವರಿಗೆ ಫೋನ್ ಮಾಡಿದಳು, ಆಟೊ ಕುಮಾರನನ್ನು ಕರೆದಳು.

ಆಟೊದಲ್ಲಿ ಹೇಮಶ್ರೀ ಚಿಕ್ಕಿಗೆ ಒರಗಿ ಕೂತಳು. ಗೂಡು ಚಿಕ್ಕಿಯ ತೊಡೆಯ ಮೇಲೆ. ಜಗದಾಂಬ ಅಂಚಿನಲ್ಲಿ ಕಂಬಿ ಹಿಡಿದುಕೊಂಡು ಕೂತಳು. ಅಷ್ಟು ಆತಂಕದಲ್ಲೂ ಅವಳಿಗೆ ಹೊಟ್ಟೆ ಉರಿಯಿತು ಎಂಬುದನ್ನು ಮುಚ್ಚಿಡುವುದು ಬೇಡ.

ಡಾಕ್ಟರ್ ಮೋನಿಕಾ ಮುತ್ತುವಿನ ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಅದರ ಬಾಯಿ ತೆರೆಸಿ ಹಲ್ಲು ನೋಡಿದರು. ಮುಖ ಗಂಟಿಕ್ಕಿದರು.

"ಹೊಟ್ಟೆ ನಿಂತೇ ಹೋಗಿದೆ. ಗ್ಯಾಸ್ ತುಂಬಿದೆ. ಏನು ಹಾಕ್ತಿದ್ರಿ ಇದಕ್ಕೆ?"

ಜಗದಾಂಬ ತಲೆತಗ್ಗಿಸಿದಳು. ಈಗ ನೇತ್ರಾವತಿ ಹೇಳುತ್ತಾಳೆ, ಮಗಳ ಎದುರಿಗೇ ತನ್ನ ಮಾನ ಕಳೆಯುತ್ತಾಳೆ ಎಂದುಕೊಂಡಳು. ಅವಳ ಜಾಗದಲ್ಲಿ ತಾನಿದ್ದಿದ್ದರೆ ಖಂಡಿತ ಹಾಗೇ ಮಾಡುತ್ತಿದ್ದಳು.

"ರೊಟ್ಟಿ, ಬಿಸ್ಕತ್ತು, ಅವರೆಕಾಳು ಹಾಕ್ಬುಟ್ವಿ ಡಾಕ್ಟ್ರೇ. ನಮ್ಮದೇ ತಪ್ಪು," ಎಂದಳು ನೇತ್ರಾವತಿ.

ಹಾಕಿದಳು ಅನ್ನಲಿಲ್ಲ, ಹಾಕಿದೆವು ಅಂದಳು. ಅರ್ಧ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳು. ಜಗದಾಂಬಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಒಳ್ಳೆಯವಳಾಗುವುದರಲ್ಲೂ ಇವಳೇ ಗೆಲ್ಲಬೇಕೇ? ಅದೊಂದನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ.

"ಇಲ್ಲ ಡಾಕ್ಟ್ರೇ, ಹಾಕಿದ್ದು ನಾನೊಬ್ಳೇ! ಇವ್ಳು ಬೇಡ ಅಂತ ಬಡ್ಕೊಂಡ್ಲು. ನಾನು ಕೇಳ್ಲಿಲ್ಲ. ಇವತ್ತು ಉಪವಾಸ ಇಟ್ಟಿದ್ದೂ ನಾನೇ. ಇವ್ಳದ್ದೇನೂ ಇಲ್ಲ ಇದ್ರಲ್ಲಿ!"

ಜಗಳಕ್ಕೆ ನಿಂತವಳ ಹಾಗೆ ಕೂಗಿ ಹೇಳಿದಳು. ಹೇಮಶ್ರೀ ತಾಯಿಯ ಮುಖವನ್ನೇ ನೋಡಿದಳು. ನಿಧಾನವಾಗಿ ಚಿಕ್ಕಿಯ ಪಕ್ಕದಿಂದ ಬಂದು ಅಮ್ಮನ ಸೆರಗು ಹಿಡಿದುಕೊಂಡಳು.

"ಹೇಳಿದ್ದು ಒಳ್ಳೇದಾಯ್ತು. ನಿಜ ಹೇಳಿದ್ರೆ ತಾನೇ ನಾನು ಸರಿಯಾಗಿ ಔಷಧಿ ಕೊಡೋಕಾಗೋದು," ಎಂದರು ಡಾಕ್ಟರ್. ನೋವಿಗೆ, ಹೊಟ್ಟೆ ನಡೆಯುವುದಕ್ಕೆ ಇಂಜೆಕ್ಷನ್ ಕೊಟ್ಟರು. ಚರ್ಮದ ಕೆಳಗೆ ಸಲೈನ್ ನೀರು ಏರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊಟ್ಟೆ ಪರೀಕ್ಷಿಸಿದರು.

"ಉಬ್ಬರ ಸ್ವಲ್ಪ ಇಳಿದಿದೆ, ಒಳಗೆ ಏನೂ ಕಟ್ಟಿಕೊಂಡ ಹಾಗಿಲ್ಲ. ಇನ್ನು ತಿನ್ನಿಸಬಹುದು. ಒಣಹುಲ್ಲಿನ ಪುಡಿ ಬರೆದುಕೊಡ್ತೀನಿ. ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಸೂಜಿ ಇಲ್ಲದ ಸಿರಿಂಜಲ್ಲಿ ಬಾಯಿಯ ಪಕ್ಕದಿಂದ ಚೂರುಚೂರೇ ಕೊಡಿ. ಗಂಟಲಿಗೆ ನೇರ ಬಿಡಬೇಡಿ, ಉಸಿರಿಗೆ ಸಿಕ್ಕಿಕೊಳ್ಳುತ್ತೆ. ಅದು ನುಂಗಿದ ಮೇಲೆ ಮುಂದಿನ ಗುಟುಕು. ಹೊಟ್ಟೆ ಮತ್ತೆ ಬಿಗಿದರೆ ನಿಲ್ಲಿಸಿ ಕೂಡಲೇ ಫೋನ್ ಮಾಡಿ."

"ಓಮದ ಕಷಾಯ ಹಾಕಲಾ ಡಾಕ್ಟ್ರೇ? ಇಲ್ಲಾ ನಮ್ಮ ಹೊಟ್ಟೆನೋವಿನ ಮಾತ್ರೆ ಅರೆದು?" ಎಂದು ಕೇಳಿದಳು ಜಗದಾಂಬ.

"ಏನೂ ಹಾಕಕೂಡದು. ನಮಗೆ ಒಗ್ಗೋ ಕೆಲವು ಮಾತ್ರೆ ಇದರ ಹೊಟ್ಟೆಯೊಳಗಿನ ಒಳ್ಳೇ ಸೂಕ್ಷ್ಮಜೀವಿಗಳನ್ನೇ ಕೊಂದುಬಿಡುತ್ತೆ. ಇದಕ್ಕೆ ವಾಂತಿ ಮಾಡೋಕೂ ಬರಲ್ಲ ಕಣಮ್ಮ. ಒಳಗೆ ಹೋದದ್ದು ಹೋಯ್ತು."

ಮನೆಗೆ ಬಂದರು. ಸಿರಿಂಜು ಹಿಡಿಯುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನೇತ್ರಾವತಿ ಮುತ್ತುವನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದಳು, ಜಗದಾಂಬ ತಿನ್ನಿಸಿದಳು. ಮೊದಲ ಗುಟುಕು ಗಲ್ಲದಿಂದ ಸುರಿದುಹೋಯಿತು.

"ಅವಸರ ಮಾಡ್ಬೇಡಿ ಅಕ್ಕಾ."

"ನೀನು ಗಟ್ಟಿ ಹಿಡ್ಕೊಳೇ ಮಾರಾಯ್ತಿ, ಅವಸರ ಯಾರು ಮಾಡಿದ್ರು!"

ಎರಡನೆಯದನ್ನು ಮುತ್ತು ನುಂಗಿತು. ಹೇಮಶ್ರೀ ಇಬ್ಬರ ನಡುವೆ ತಲೆ ತೂರಿಸಿ ನೋಡುತ್ತಾ ಕೂತಳು.

ಭಾನುವಾರ ಬೆಳಗ್ಗೆ ಮುತ್ತು ಒಂದು ಎಳೆ ಒಣಹುಲ್ಲನ್ನು ತಾನಾಗಿ ಎಳೆದು ಅಗಿಯಿತು. ಆದರೆ ಹಿಕ್ಕೆ ಇಲ್ಲ. ಹಿಕ್ಕೆ ಬಂದರೆ ಮಾತ್ರ ಹೊಟ್ಟೆ ನಡೆಯಿತು ಎಂದು ಅರ್ಥ ಎಂದಿದ್ದರು ಡಾಕ್ಟರ್. ಜಗದಾಂಬ ಒಲೆಯ ಮೇಲೆ ಹಾಲಿಟ್ಟು ಗೂಡಿನ ಮುಂದೆ ಕೂತಳು. ಹಾಲು ಉಕ್ಕಿತು. ಎದ್ದು ಹೋಗಲಿಲ್ಲ.

ಬಿಸಿಲೇರಿದ ಮೇಲೆ ಕಣದಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಜಗದಾಂಬ ಅಂಗೈಯಲ್ಲಿ ಏನನ್ನೋ ಹಿಡಿದುಕೊಂಡು, ಒಣಗಲು ಹಾಕಿದ್ದ ಕಾಫಿಯನ್ನು ತುಳಿದುಕೊಂಡೇ ಆಚೆ ಮನೆಗೆ ಓಡುತ್ತಿದ್ದಳು.

"ನೇತ್ರಾ! ಏ ನೇತ್ರಾ! ಹಿಕ್ಕೆ ಹಾಕ್ತು ಕಣೇ!"

ನೇತ್ರಾವತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಹೇಮಶ್ರೀ ಹಿಂದೆಯೇ ಓಡಿಬಂದಳು. ಮೂವರೂ ತಲೆಗೆ ತಲೆ ಸೇರಿಸಿ ಜಗದಾಂಬಳ ಅಂಗೈ ನೋಡಿದರು.

"ಚೆನ್ನಾಗೈತೆ ಅಕ್ಕಾ! ಗಟ್ಟಿಯಾಗೈತೆ, ಆಕಾರಾನೂ ಸರಿಯಾಗೈತೆ," ಎಂದಳು ನೇತ್ರಾವತಿ. ಅವಳ ಕಣ್ಣು ತುಂಬಿತ್ತು.

ಜಗದಾಂಬಳ ಕಣ್ಣೂ ತುಂಬಿತ್ತು. ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಆಚೆ ಮನೆಯ ಗೂಡಿನ ಕಡೆ ಒಮ್ಮೆ ಕಣ್ಣುಹಾಯಿಸಿ, ಗಲ್ಲ ಎತ್ತಿ ಅಂದಳು:

"ನಿನ್ನವು ಹಾಕೋದಕ್ಕಿಂತ ದಪ್ಪ ಐತೆ, ನೋಡ್ಕೋ."

ಓದುವವರೇ, ಹೊಟ್ಟೆಕಿಚ್ಚು ಒಂದು ದಿನಕ್ಕೆ ಹೋಗುವ ರೋಗವಲ್ಲ, ಅದಕ್ಕೆ ಇಲ್ಲಿ ಔಷಧಿಯೂ ಇಲ್ಲ. ಗಿನಿಪಿಗ್ಗಿನ ಹೊಟ್ಟೆಗೆ ಮಾತ್ರ ಇದೆ. ಮನೆಯಲ್ಲಿ ಅದನ್ನು ಸಾಕಿದ್ದೀರಾ? ಹಾಗಾದರೆ ಅದರ ಮುಂದೆ ಹಗಲೂ ರಾತ್ರಿ ಒಳ್ಳೆಯ ಒಣಹುಲ್ಲು, ಶುದ್ಧ ನೀರು ಇರಲಿ. ಹುಲ್ಲು ಅಗಿದರೇ ಅದರ ಹೊಟ್ಟೆ ನಡೆಯುವುದು, ಬೆಳೆಯುತ್ತಲೇ ಇರುವ ಹಲ್ಲು ಸವೆಯುವುದು. ಬೂಷ್ಟು ಹಿಡಿದ ಹುಲ್ಲು, ಕಳೆ ಔಷಧಿ ಹೊಡೆದ ತೋಟದ ಹುಲ್ಲು ಬೇಡವೇ ಬೇಡ. ದಿನಾ ಒಂದಿಷ್ಟು ಸೊಪ್ಪು, ಖಾರವಿಲ್ಲದ ದಪ್ಪ ಮೆಣಸಿನಕಾಯಿಯ (ಕ್ಯಾಪ್ಸಿಕಂ) ಹೋಳು ಕೊಡಿ, ಆಗೀಗ ಸೀಬೆಯ ಒಂದು ಚೂರು. ಸಿ ಜೀವಸತ್ವ ಅದರ ಮೈಯಲ್ಲಿ ತಯಾರಾಗುವುದಿಲ್ಲ, ನೀವೇ ಕೊಡಬೇಕು. ಹೊಸ ಸೊಪ್ಪನ್ನು ಒಮ್ಮೆಗೇ ರಾಶಿ ಹಾಕಬೇಡಿ. ತನ್ನದೇ ಮೆತ್ತನೆಯ ಹಿಕ್ಕೆಯನ್ನು ಅದು ತಿಂದರೆ ಹೊಡೆಯಲು ಹೋಗಬೇಡಿ, ಅದು ಅದರ ಹುಟ್ಟುಗುಣ, ಹೊಟ್ಟೆಗೆ ಒಳ್ಳೆಯದೇ.

ರೊಟ್ಟಿ, ಅನ್ನ, ಬಿಸ್ಕತ್ತು ನೀವೇ ತಿನ್ನಿ.

ತಿನ್ನುವುದು ಬಿಟ್ಟರೆ, ಹಿಕ್ಕೆ ನಿಂತರೆ ಇಲ್ಲವೇ ನೀರಾಗಿ ಭೇದಿಯಾದರೆ, ಬೆನ್ನು ಗೂನಿಸಿ ಕೂತರೆ, ಹೊಟ್ಟೆ ಬಿಗಿದರೆ ನಾಳೆ ನೋಡೋಣ ಎನ್ನಬೇಡಿ. ಉಪವಾಸ ಇಡಬೇಡಿ. ಗೊತ್ತಿರುವವರು ಪಕ್ಕದ ಮನೆಯಲ್ಲೇ ಇದ್ದರೆ, ಅವರ ಮುಖ ಕಂಡರೆ ನಿಮಗಾಗದಿದ್ದರೂ ಹೋಗಿ ಕೇಳಿ. ಅದೇ ದಿನ ಪಶುವೈದ್ಯರ ಬಳಿಗೆ ಹೋಗಿ, ಏನು ತಿನ್ನಿಸಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಬಾಯಿಲ್ಲದ ಪ್ರಾಣಿಯ ಪರವಾಗಿ ನಿಜ ಹೇಳುವ ಬಾಯಿ ನಿಮ್ಮದೊಂದೇ.