ಮೊದಲ ಕಂಬದ ಬಲ್ಬು

ಮುನಿರಾಮಯ್ಯ ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಹೊತ್ತು ತಂದ ಹಳೆಯ ಇಂಗ್ಲಿಷ್ ನಿಘಂಟು ಎಷ್ಟು ದಪ್ಪವಿತ್ತೆಂದರೆ, ಕೇರಿಯ ಹೆಂಗಸರು ಮೊದಲು ಅದನ್ನು ಕೂರುವ ಮಣೆ ಅಂದುಕೊಂಡರು. ಕಾರ್ಖಾನೆಯ ಕೆಲಸಕ್ಕೆ ರಜ ಇದ್ದ ಭಾನುವಾರದ ಮಧ್ಯಾಹ್ನಗಳಲ್ಲಿ ಅವನು ಹೊಂಗೆ ಮರದ ಕೆಳಗೆ ಓದುವ ಬಳಗ ನಡೆಸುತ್ತಿದ್ದ. ಸಂಜೆ ನಡೆಸುವಂತಿರಲಿಲ್ಲ. ಹೊತ್ತು ಮುಳುಗಿದರೆ ಕೇರಿಯಲ್ಲಿ ಅಕ್ಷರವೂ ಕಪ್ಪು, ಕಾಗದವೂ ಕಪ್ಪು.

ಆ ಭಾನುವಾರ ಅವನು ಹಿಡಿದ ಪದ ‘ಲೈಟ್’.

“ಈ ಒಂದು ಮಾತಿಗೆ ಪುಟದ ತುಂಬ ಅರ್ಥ ಐತೆ ನೋಡ್ರವ್ವ. ಬೆಳಕು ಅಂದ್ರೂ ಲೈಟೇ, ದೀಪ ಅಂದ್ರೂ ಲೈಟೇ, ದೀಪ ಹಚ್ಚೋದೂ ಲೈಟೇ. ಹಗುರ ಅನ್ನೋಕೂ ಅದೇ, ತಿಳಿ ಬಣ್ಣಕ್ಕೂ ಅದೇ.”

“ಪಾಪ, ದೊರೆಗಳಿಗೆ ಮಾತಿಗೇ ಬರ ಬಂದಿತ್ತೇನ್ಲಾ?” ಅಂದಳು ದ್ಯಾವಮ್ಮ. ಅವಳು ಬಳಗಕ್ಕೆ ಬರುತ್ತಿದ್ದದ್ದು ಓದಲಿಕ್ಕಲ್ಲ, ಮಗಳು ಮುನಿರತ್ನಮ್ಮ ಓದುವುದನ್ನು ನೋಡಿ ನಗಲಿಕ್ಕೆ. “ನಮ್ಮಲ್ಲಿ ನೋಡು, ಹಣತೆ, ಸೊಡ್ರು, ಬುಡ್ಡಿ, ಲಾಂದ್ರ, ಪಂಜು, ಒಂದೊಂದಕ್ಕೂ ಒಂದೊಂದು ಹೆಸರು.”

“ಜ್ಯೋತಿ, ಪ್ರಭೆ, ಕಾಂತಿ, ತೇಜಸ್ಸು,” ಎಂದು ಮುನಿರಾಮಯ್ಯ ಸೇರಿಸಿದ.

“ಅವೆಲ್ಲ ಮ್ಯಾಲಿನ ಬೀದಿಯವು ಕಣ್ಲಾ. ಎಣ್ಣೆ ಜಾಸ್ತಿ ಕುಡೀತವೆ. ನಮಗೆ ಬುಡ್ಡಿನೇ ಸರಿ.”

ಎಲ್ಲರೂ ನಕ್ಕರು. ಮುನಿರತ್ನಮ್ಮ ಮಾತ್ರ ನಗಲಿಲ್ಲ. ಕಾರಣ, ದೊಡ್ಡಬೆಳವಂಗಲದಿಂದ ಒಳಗೆ ನಡೆದು ಹೋಗಬೇಕಾದ ಆ ಊರಿಗೆ ದಿನಾ ಸಂಜೆ ಬೆಳಕು ಕೊಡುತ್ತಿದ್ದವಳು ಅವಳೇ.

ಎಪ್ಪತ್ತೆರಡರಲ್ಲಿ ಊರಿಗೆ ಕರೆಂಟು ಬಂತು. ತಂತಿ ಬಂದದ್ದು ಕೆರೆಯ ಕಡೆಯಿಂದ. ಕೆರೆಯ ಪಕ್ಕ ಇದ್ದದ್ದು ಕೇರಿ. ಹಾಗಾಗಿ ಮೊದಲ ಕಂಬ ಕೇರಿಯ ಬಾಯಲ್ಲೇ ನಿಂತಿತು. ಇಡೀ ಊರಿನ ಬೀದಿ ದೀಪಗಳ ಸ್ವಿಚ್ಚಿನ ಪೆಟ್ಟಿಗೆಯನ್ನೂ ಅದಕ್ಕೇ ಬಡಿದರು. ಕಂಬದ ತಲೆಗೆ ತಗಡಿನ ತಟ್ಟೆ ಇತ್ತು, ಹೋಲ್ಡರ್ ಇತ್ತು. ಬಲ್ಬು ಇರಲಿಲ್ಲ. ಕೇರಿಯ ಪಾಲಿನ ಬಲ್ಬು ಪಂಚಾಯ್ತಿ ಚೇರ್ಮನ್ ಅಪ್ಪಯ್ಯಣ್ಣನ ಕೊಟ್ಟಿಗೆಯ ಹಿಂದಿನ ಕಂಬದಲ್ಲಿ, ಅವನ ಎಮ್ಮೆಗಳ ಮೇಲೆ ಬೆಳಗುತ್ತಿತ್ತು. ಊರ ತೋಟಿಯಾಗಿದ್ದ ಮುನಿರತ್ನಮ್ಮನ ಅಪ್ಪನಿಗೆ ಕಾಲು ಹಿಡಿದುಕೊಂಡ ಮೇಲೆ, ಹೊತ್ತು ಮುಳುಗುವಾಗ ಸ್ವಿಚ್ಚು ಹಾಕುವ ಕೆಲಸ ಅವಳದಾಯಿತು. ಕತ್ತಲಲ್ಲಿ ನಿಂತು ಊರಿಗೆಲ್ಲ ಬೆಳಕು ಹಾಕಿ, ಕತ್ತಲಲ್ಲೇ ತಡವರಿಸಿ ಮನೆಗೆ ಬರುವುದು.

ಅವಳಿಗೆ ಅಕ್ಷರಗಳು ಈಗಷ್ಟೇ ಕೂಡಿಕೊಳ್ಳಲು ಶುರುಮಾಡಿದ್ದವು. ಭಾನುವಾರ ಕೂಡಿದ್ದು ಶನಿವಾರದ ಹೊತ್ತಿಗೆ ಚದುರಿ ಹೋಗುತ್ತಿತ್ತು. ಹಗಲೆಲ್ಲ ಕೂಲಿ, ಸಂಜೆಗೆ ಬುಡ್ಡಿಯ ಹೊಗೆ. ಆ ಕಂಬಕ್ಕೆ ಒಂದು ಬಲ್ಬು ಬಿದ್ದರೆ ದಿನವೂ ಓದಬಹುದು. ಕೇಳಿಯೂ ನೋಡಿದ್ದಳು.

“ಇಂಥವನ್ನೆಲ್ಲ ಲೈಟಾಗಿ ತಗೋಬೇಕಮ್ಮ,” ಎಂದಿದ್ದ ಅಪ್ಪಯ್ಯಣ್ಣ. ಅವನಿಗೆ ಆ ಮಾತು ಬೆಂಗಳೂರಿನಲ್ಲಿ ಓದುತ್ತಿದ್ದ ಮಗನಿಂದ ಬಂದ ಉಡುಗೊರೆ. ಟೀ ಲೈಟಾಗಿರಬೇಕು, ಪಂಚೆಯ ಅಂಚು ಲೈಟಾಗಿರಬೇಕು, ಕೇರಿಯವರ ಅರ್ಜಿಯನ್ನು ಲೈಟಾಗಿ ತಗೋಬೇಕು.

“ನಿಘಂಟಲ್ಲಿರೋ ಅರ್ಥಾನೆಲ್ಲ ಅವನೇ ಮೇಯ್ದುಬಿಟ್ಟವ್ನೆ. ನಮಗೆ ಒಂದೂ ಉಳಿಸಿಲ್ಲ,” ಎಂದು ಮರದ ಕೆಳಗೆ ಈ ಮಾತು ಕೇಳಿ ಮುನಿರಾಮಯ್ಯ ಹಲ್ಲು ಕಡಿದ. “ತಾಲ್ಲೂಕಾಫೀಸಿನ ಮುಂದೆ ಕೂರಬೇಕು! ಘೋಷಣೆ ಕೂಗಬೇಕು!”

“ನೀನು ಕೂಗಿದ್ರೆ ಅಲ್ಲಿ ಗುಬ್ಬಿನೂ ಏಳಕಿಲ್ಲ, ಕೂತ್ಕೊ,” ಎಂದಳು ದ್ಯಾವಮ್ಮ.

ಮುನಿರತ್ನಮ್ಮ ನಿಘಂಟಿನ ಪುಟವನ್ನೇ ನೋಡುತ್ತ ಕೇಳಿದಳು: “ಅಣ್ಣಾ, ಹಚ್ಚೋದೂ ಲೈಟೇ ಅಂದ್ಯಲ್ಲ. ಹಚ್ಚದೆ ಇರೋದಕ್ಕೆ ಏನಂತಾರೆ?”

ಮುನಿರಾಮಯ್ಯ ಪುಟ ತಿರುವಿದ. ಸಿಗಲಿಲ್ಲ.

ಅಪ್ಪಯ್ಯಣ್ಣನ ಮನೆ ಮೇಲಿನ ಬೀದಿಗೆ ಮೊದಲ ಮನೆ. ಕೇರಿಯ ಬಾಯಿಗೆ ಎದುರು, ನಡುವೆ ಒಂದು ಬಯಲು, ಬಯಲು ಮುಗಿದು ಕೇರಿ ಶುರುವಾಗುವಲ್ಲಿ ಒಂದು ಗಡಿಕಲ್ಲು. ಆ ಮನೆಯ ಜಗಲಿಯಲ್ಲಿ ಹೊತ್ತು ಮುಳುಗುವಾಗ ಅವನ ತಾಯಿ ಅಕ್ಕಯಮ್ಮ ಬಂದು ಕೂರುತ್ತಿದ್ದಳು. ದೀಪ ಹಚ್ಚಿದಾಗ ಕೈ ಮುಗಿಯುವುದು ಮೊದಲಿನಿಂದ ಬಂದ ರೂಢಿ. ಎಣ್ಣೆಯ ದೀಪ ಹೋಗಿ ಬಲ್ಬು ಬಂದರೂ ಕೈ ಸುಮ್ಮನಿರಲಿಲ್ಲ. ಮುನಿರತ್ನಮ್ಮ ಸ್ವಿಚ್ಚು ಒತ್ತಿದೊಡನೆ ಮೇಲಿನ ಬೀದಿಯ ಜಗಲಿಗಳಲ್ಲಿ ಕೂತವರೆಲ್ಲ ಕೈ ಮುಗಿಯುತ್ತಿದ್ದರು. ಬೀದಿಯ ಈ ತುದಿಯಲ್ಲಿ ನಿಂತು ನೋಡಿದರೆ, ಊರಿಗೆ ಊರೇ ತನಗೆ ಕೈ ಮುಗಿದ ಹಾಗೆ ಅವಳಿಗೆ ಕಾಣುತ್ತಿತ್ತು. ಯಾರಿಗೂ ಹೇಳದೆ ಒಳಗೊಳಗೇ “ಆಗಲಿ, ಒಳ್ಳೇದಾಗಲಿ” ಅಂದುಕೊಳ್ಳುತ್ತಿದ್ದಳು.

ಅಕ್ಕಯಮ್ಮನದು ಇನ್ನೊಂದು ಕಟ್ಟುನಿಟ್ಟು. ತನ್ನ ಮನೆ ಕತ್ತಲೆ ಬಿಟ್ಟು ಬಂದವಳು ಇನ್ನೊಬ್ಬರ ದೀಪ ಮುಟ್ಟಬಾರದು. ಮುಟ್ಟಿದರೆ ಆ ಬೆಳಕಿನ ಹಿಂದೆಯೇ ಮೂದೇವಿ ಬರುತ್ತಾಳೆ. ಅದಕ್ಕೇ ದಿನಾ ಸಂಜೆ ಬಯಲಿನಾಚೆಯಿಂದ ಅವಳ ಕೂಗು: “ದೀಪ ಇಟ್ಟು ಬಂದೇನೇ?” ಮುನಿರತ್ನಮ್ಮನ ಉತ್ತರ: “ಇಟ್ಟು ಬಂದೆ ಅಮ್ಮಾರೇ.” ಆಮೇಲೆ ಸ್ವಿಚ್ಚು.

ಸೋಮವಾರ ಸಂಜೆಯೂ ಕೂಗು ಬಂತು. “ದೀಪ ಇಟ್ಟು ಬಂದೇನೇ?”

“ಇಲ್ಲ ಅಮ್ಮಾರೇ.”

“ಯಾಕೇ? ಎಣ್ಣೆ ಇಲ್ವೇನೇ?”

“ಮನೆ ದೀಪ ಇಟ್ಟಿವ್ನಿ. ಕೇರಿ ದೀಪ ಇಟ್ಟಿಲ್ಲ. ಈ ಕಂಬ ನಮ್ಮದಲ್ವರಾ? ಇದನ್ನ ಕತ್ತಲೆ ಬಿಟ್ಟು ನಿಮ್ಮ ಬೀದೀದು ಹಚ್ಚಿದ್ರೆ, ನಿಮ್ಮ ಮನೆಗೆ ಮೂದೇವಿ ಬಂದಾಳು ಅಂತ ನನಗೆ ಭಯ.”

ಜಗಲಿಯ ಮೇಲೆ ಕೂತಿದ್ದವಳು ಎದ್ದು ನಿಂತಳು.

“ಹಂಗಾರೆ ಇಷ್ಟು ದಿನ?” ಎಂದಳು ಅಕ್ಕಯಮ್ಮ. ಮತ್ತೆ ಒಳಗೆ ತಿರುಗಿ, ಊರು ಕೇಳುವಂತೆ: “ಲೇ ಅಪ್ಪಯ್ಯಾ! ಇಷ್ಟು ದಿನ ನನ್ನ ಕೈಲಿ ಯಾರಿಗೆ ಕೈ ಮುಗಿಸ್ದೆಯೋ ನೀನು?”

ಅಪ್ಪಯ್ಯಣ್ಣ ಪಂಚೆ ಕಟ್ಟುತ್ತ ಬಂದ. ಬಯಲು ದಾಟಿ ಗಡಿಕಲ್ಲಿನವರೆಗೂ ಬಂದ. “ಏಯ್, ಹಾಕೇ ಸ್ವಿಚ್ಚು!”

“ನೀವೇ ಹಾಕ್ಬಿಡಿ ಗೌಡ್ರೇ. ಪೆಟ್ಟಿಗೆಗೆ ಬೀಗ ಇಲ್ಲ. ನಾನೇನು ಬ್ಯಾಡ ಅನ್ನಕಿಲ್ಲ.”

ಅವನು ಕಲ್ಲಿನ ಹತ್ತಿರವೇ ನಿಂತ. ಕೇರಿಗೆ ಕಾಲಿಟ್ಟರೆ ಸ್ನಾನ ಮಾಡದೆ ಮನೆ ಸೇರುವಂತಿಲ್ಲ. ದಿನಾ ಕೇರಿಯ ಬೆರಳು ಒತ್ತುವ ಸ್ವಿಚ್ಚನ್ನು ಅವನು ಒತ್ತಿದರೆ ಎರಡೂ ಬದಿಯ ಜಗಲಿಗಳು ನೋಡುತ್ತವೆ. ಕರೆಂಟಿಗೆ ಮೈಲಿಗೆ ಇರಲಿಲ್ಲ. ಅದು ಕೇರಿಯ ಪೆಟ್ಟಿಗೆಯಿಂದ ಹೊರಟು ಗುಡಿಯ ಬಾಗಿಲವರೆಗೆ ತಲೆಯೆತ್ತಿಕೊಂಡು ಹೋಗುತ್ತಿತ್ತು. ಮೈಲಿಗೆ ಇದ್ದದ್ದು ಸ್ವಿಚ್ಚಿಗೆ.

“ಈ ಕೆಲಸ ಬೇರೆಯವರಿಗೆ ಕೊಟ್ಬಿಡ್ತೀನಿ!”

“ಕೊಡಿ ಸ್ವಾಮಿ. ಯಾರು ಬತ್ತಾರೋ ಕೇಳಿ ನೋಡಿ.”

ಅಷ್ಟರಲ್ಲಿ ಕೇರಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು. ಬೆಂಗಳೂರು ಬಸ್ಸಿನಿಂದ ಇಳಿದು ಬಂದ ಮುನಿರಾಮಯ್ಯ ಘೋಷಣೆಗೆ ಬಾಯಿ ತೆರೆದ. ದ್ಯಾವಮ್ಮ ಅವನ ಪಕ್ಕೆಗೆ ತಿವಿದಳು. ಸ್ವಿಚ್ಚು ಹಾಕಲು ಯಾರೂ ಮುಂದೆ ಬರಲಿಲ್ಲ.

“ನಾಳೆ ಲೈನ್‌ಮ್ಯಾನ್ ಬರಲಿ, ನೋಡನ,” ಎಂದ ಅಪ್ಪಯ್ಯಣ್ಣ.

“ದೀಪ ಹತ್ತದೆ ನಾನು ಉಣ್ಣಕಿಲ್ಲ, ನಾಳೆಗೇ ಊಟ ಮಾಡ್ತೀನಿ ಬಿಡು,” ಎಂದಳು ಜಗಲಿಯಿಂದ ತಾಯಿ. “ಕೊಟ್ಟಿಗೆ ಹಿಂದಿನ ಬಲ್ಬು ಬಿಚ್ಕೊಂಡು ಬಾರೋ. ಎಮ್ಮೆ ಏನು ಪುಸ್ತಕ ಓದ್ತದಾ? ಆಳಿನ ಕೈಗೆ ಕೊಡಬ್ಯಾಡ, ಒಡೆದ್ಹಾಕ್ತಾನೆ. ನೀನೇ ತಾ.”

ಏಣಿ ಹಾಕಿಸಿ, ಬಿಚ್ಚಿಸಿ, ಬಲ್ಬನ್ನು ಹೆಗಲ ವಸ್ತ್ರದಲ್ಲಿ ಹಿಡಿದು ಅಪ್ಪಯ್ಯಣ್ಣ ಮತ್ತೆ ಕಲ್ಲಿನ ಬಳಿ ಬಂದ. ಮುನಿರತ್ನಮ್ಮ ಬೊಗಸೆ ಒಡ್ಡಿದಳು. ಕೇರಿಯವರಿಗೆ ಏನು ಕೊಟ್ಟರೂ ಮೇಲಿಂದ ಹಾಕುವುದು ಆ ಊರಿನ ಪದ್ಧತಿ: ರಾಗಿಯಾದರೂ, ಉಪ್ಪಾದರೂ, ಎಲೆಯಡಿಕೆಯಾದರೂ, ಗೇಣೆತ್ತರದಿಂದ. ರೂಢಿಯಂತೆ ಅವನ ಕೈ ಗೇಣು ಮೇಲಕ್ಕೇರಿತು.

“ಹಾಕಬ್ಯಾಡ್ವೋ, ಒಡೆದೋಗ್ತದೆ!” ಎಂದು ಅಕ್ಕಯಮ್ಮ ಕಿರುಚಿದಳು.

ಕೈ ಅಲ್ಲೇ ನಿಂತಿತು. ಅವನು ಬಗ್ಗಿ ಬಲ್ಬನ್ನು ನೆಲದ ಮೇಲೆ ಇಡಲು ನೋಡಿದ. ದುಂಡನೆಯ ಗಾಜು ಇಳಿಜಾರು ಹಿಡಿದು ಚರಂಡಿಯ ಕಡೆಗೆ ಹೊರಟಿತು. “ಅಯ್ಯಯ್ಯೋ!” ಎಂದು ಎರಡು ಬೀದಿಯೂ ಒಟ್ಟಿಗೆ ಕೂಗಿದವು, ಬಹುಶಃ ಆ ಊರಲ್ಲಿ ಎರಡೂ ಒಂದೇ ಮಾತಾಡಿದ್ದು ಅದೇ ಮೊದಲು. ಚೇರ್ಮನ್ನರು ಮಂಡಿಯೂರಿ ಅದನ್ನು ಹಿಡಿದರು.

ಮುನಿರತ್ನಮ್ಮ ಬೊಗಸೆ ಕದಲಿಸಲಿಲ್ಲ. ಬೇಕಿದ್ದರೆ ಸೆರಗೊಡ್ಡಬಹುದಿತ್ತು, ಸೆರಗು ಸೊಂಟದಲ್ಲಿ ಬಿಗಿಯಾಗಿತ್ತು.

ಅಪ್ಪಯ್ಯಣ್ಣ ಎದ್ದ. ಅತ್ತ ನೋಡಿದ, ಇತ್ತ ನೋಡಿದ. ಬಲ್ಬನ್ನು ಅವಳ ಕೈಯಲ್ಲಿ ಇಟ್ಟ. ಬೆರಳಿಗೆ ಬೆರಳು ತಗುಲಿತು. ಆಕಾಶ ಎಲ್ಲಿತ್ತೋ ಅಲ್ಲೇ ಇತ್ತು.

“ಅಯ್ಯೋ, ಎಷ್ಟು ಲೈಟಾಗೈತೆ ಗೌಡ್ರೇ!” ಎಂದಳು ಮುನಿರತ್ನಮ್ಮ. “ಇದನ್ನ ಹೊತ್ತು ತರೋಕಾ ಇಷ್ಟು ದಿನ ಹಿಡೀತು?”

ಮುನಿರಾಮಯ್ಯ ಕಂಬ ಏರಿ ಬಲ್ಬು ಸಿಕ್ಕಿಸಿ ಇಳಿದ. ಅವಳು ಸ್ವಿಚ್ಚು ಒತ್ತಿದಳು.

ಕೇರಿ ತನ್ನನ್ನು ತಾನೇ ನೋಡಿ ಬೆಚ್ಚಿತು. ಬುಟ್ಟಿಯೊಳಗಿನ ಕೋಳಿಗಳು ಬೆಳಗಾಯಿತೆಂದು ಕೂಗಾಡಿದವು. “ಥೂ, ನನ್ನ ಗೋಡೆ ಇಷ್ಟು ಮಸಿ ಹಿಡಿದಿತ್ತಾ? ಆರಿಸೇ, ಮೊದಲು ಸುಣ್ಣ ಬಳೀತೀನಿ,” ಎಂದಳು ದ್ಯಾವಮ್ಮ. ಆಚೆ ಜಗಲಿಯಲ್ಲಿ ಅಕ್ಕಯಮ್ಮ ಕೈ ಮುಗಿದಳು. ಗಡಿಕಲ್ಲಿನ ಬಳಿ ನಿಂತಿದ್ದ ಅಪ್ಪಯ್ಯಣ್ಣನ ಕೈಗಳೂ ರೂಢಿ ಬಲದಿಂದ ತಾವಾಗಿ ಕೂಡಿಕೊಂಡವು. ಅವನ ಎದುರಿಗಿದ್ದವಳು, ಬೆಳಕಿನಲ್ಲಿ ನೆಟ್ಟಗೆ ನಿಂತಿದ್ದ ಮುನಿರತ್ನಮ್ಮ.

“ಆಗಲಿ, ಒಳ್ಳೇದಾಗಲಿ,” ಎಂದಳು ಅವಳು, ಈ ಸಲ ಬಾಯಿ ಬಿಟ್ಟು.

ಅವನು ಕೈ ಬಿಡಿಸಿಕೊಂಡು ದುಡುದುಡನೆ ನಡೆದ. ಸ್ವಲ್ಪ ಹೊತ್ತಿಗೆ ಆ ಮನೆಯ ಹಿತ್ತಲಿನಿಂದ ನೀರು ಹುಯ್ದುಕೊಳ್ಳುವ ಸದ್ದು ಬಂತು.

“ಇನ್ನೊಂದು ಕೊಡ ಹುಯ್ಕೊಳ್ಳಿ ಗೌಡ್ರೇ, ಬೆಳಕು ಅಷ್ಟು ಬೇಗ ಹೋಗಕಿಲ್ಲ!” ಎಂದು ಕೇರಿಯ ಕತ್ತಲು ಮೂಲೆಯಿಂದ ಯಾರೋ ಕೂಗಿದರು. ಈಗ ಅಂಥ ಮೂಲೆ ಒಂದೇ ಉಳಿದಿತ್ತು.

ಮುನಿರತ್ನಮ್ಮ ಕಂಬಕ್ಕೆ ಬೆನ್ನು ಕೊಟ್ಟು ಕೂತು ಪುಸ್ತಕ ಬಿಚ್ಚಿದಳು. ಬೆರಳು ಮೊದಲ ಸಾಲಿನ ಮೇಲಿತ್ತು. ಕೊಡದ ನೀರಿನ ಸದ್ದು ನಿಲ್ಲುವುದರೊಳಗೆ ಎರಡನೆಯ ಸಾಲಿಗೆ ಇಳಿದಿತ್ತು.