ದೇವರ ಕೋಣೆಯ ಬಕೆಟ್

ಯಶೋಧರಾ ಬಾಡಿಗೆಗಿದ್ದ ಮನೆಗೆ ಮಾಲೀಕರು ನೀರು ಬಂದ್ ಮಾಡಿದರು. ಅವಳು ದೇವರ ಕೋಣೆಯಲ್ಲಿ ದೀಪ ಹಚ್ಚಿರಲಿಲ್ಲ.

ಮಾಲೀಕರು ಗುರುಪಾದಪ್ಪ ಸರ್, ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತರಾದವರು. ವಿಜಯಪುರದ ಜಲನಗರದಲ್ಲಿ ಅವರದು ಎರಡಂತಸ್ತಿನ ಮನೆ. ಕೆಳಗೆ ಅವರೂ ಹೆಂಡತಿ ಸೌಭಾಗ್ಯಕ್ಕನೂ, ಮೇಲೆ ಸರ್ಕಾರಿ ಶಾಲೆಯ ಟೀಚರ್ ಯಶೋಧರಾ ಮತ್ತು ಅವಳ ತಾಯಿ ತಿಪ್ಪವ್ವ. ತಾರಸಿಯ ಮೇಲಿನ ನೀರಿನ ಟಾಕಿಯಿಂದ ಎರಡೂ ಮನೆಗೆ ಪೈಪು ಇಳಿದಿತ್ತು. ಮೇಲಿನ ಮನೆಯ ಪೈಪಿನ ವಾಲ್ವ್ ತಿರುಗಿಸುವ ಹಕ್ಕು ಸರ್ ಕೈಯಲ್ಲಿತ್ತು.

ಮನೆ ಕೊಡುವಾಗ ಸೌಭಾಗ್ಯಕ್ಕ ಒಂದೇ ಪ್ರಶ್ನೆ ಕೇಳಿದ್ದರು: "ನಿಮ್ಮ ಮನಿದೇವರು ಯಾರ್ರಿ?" ಓದಿದವರು ಜಾತಿ ಕೇಳುವುದಿಲ್ಲ, ಮನೆದೇವರನ್ನು ಕೇಳುತ್ತಾರೆ. ಯಶೋಧರಾ, "ನಮಗ ಮನಿದೇವರು ಇಲ್ಲರಿ" ಎಂದಳು. ಸೌಭಾಗ್ಯಕ್ಕ ತಿಪ್ಪವ್ವನ ಕಡೆ ತಿರುಗಿ, "ಜೈನರೇನ್ರಿ?" ಎಂದರು. ತಿಪ್ಪವ್ವನ ಬಾಯ್ತುಂಬ ಎಲೆಅಡಿಕೆ ಇತ್ತು. ಆಕೆ ಹೌದೋ ಅಲ್ಲವೋ ತಿಳಿಯದಂತೆ ತಲೆಯಾಡಿಸಿದಳು. ಸಾಮಾನಿನ ಗಾಡಿ ಬಂದ ದಿನ ಅದರಿಂದ ಮೊದಲು ಇಳಿದದ್ದು ಪದ್ಮಾಸನ ಹಾಕಿ ಧ್ಯಾನಕ್ಕೆ ಕೂತ ಬುದ್ಧ. ಸೌಭಾಗ್ಯಕ್ಕ ಅದನ್ನು ತೀರ್ಥಂಕರ ಎಂದುಕೊಂಡರು. ಹೆಸರು ಯಶೋಧರಾ, ಮೂರ್ತಿ ಧ್ಯಾನದ್ದು, ತಾಯಿ ತಲೆಯಾಡಿಸಿದ್ದಾಳೆ. ಆಧಾರಗಳು ಸಾಕಷ್ಟಿವೆ ಎಂದು ಸರ್ ಕೂಡ ಒಪ್ಪಿದರು. ಅಂದಿನಿಂದ ಹಬ್ಬಕ್ಕೆ ಕೆಳಗಿನಿಂದ ಬರುತ್ತಿದ್ದ ಪಲ್ಯದಲ್ಲಿ ಜೈನರಿಗೆ ನಡೆಯದ ಉಳ್ಳಾಗಡ್ಡಿ ಇರುತ್ತಿರಲಿಲ್ಲ. ತಿಪ್ಪವ್ವ ಅದನ್ನು ಉಣ್ಣುತ್ತ, "ಎಂಥಾ ಜಿಪುಣ ಮಂದಿ ಬೇ, ಒಂದು ಉಳ್ಳಾಗಡ್ಡಿ ಹೆಚ್ಚಿ ಹಾಕಾಕ ಜೀವ ಹೋಗತೈತಿ" ಎನ್ನುತ್ತಿದ್ದಳು.

ದೇವರ ಕೋಣೆಯಲ್ಲಿ ಕಡಪಾ ಕಲ್ಲಿನ ಹಲಗೆಗಳಿದ್ದವು. ಗಾಂಧಿ ಚೌಕದ ಬಳೆ ಅಂಗಡಿಯ ಮಾಳಿಗೆಯಲ್ಲಿ ಭಾನುವಾರ ಸೇರುತ್ತಿದ್ದ ಓದುಬಳಗದ ಪುಸ್ತಕಗಳನ್ನು ಯಶೋಧರಾ ಅಲ್ಲಿ ಜೋಡಿಸಿದಳು. ಕೆಲವು ತಿಂಗಳಿಗೆ ಸೌಭಾಗ್ಯಕ್ಕನ ಮೊಣಕಾಲು ನೋವು ಹೆಚ್ಚಾಯಿತು. ಮೇಲೆ ದೀಪವಿಲ್ಲದ್ದಕ್ಕೇ ಕೆಳಗೆ ನೋವು ಎಂದು ಅವರಿಗೆ ಖಾತ್ರಿಯಾಯಿತು. ಸರ್ ಮೆಟ್ಟಿಲು ಹತ್ತಿ ಬಂದರು.

"ಒಂದು ದೀಪಾ ಹಚ್ಚು, ಯಶೋಧರಾ. ದೇವರು ಇದ್ದರ ಪುಣ್ಯ ಬರ್ತದ. ಇಲ್ಲದಿದ್ದರ ನಿಂದೇನು ಹೋಗ್ತದ?"

"ಎಣ್ಣಿ ಹೋಗ್ತದರಿ ಸರ್."

"ಒಂದು ಚಮಚಾ ಎಣ್ಣಿ."

"ಒಂದು ಚಮಚಾಕ್ಕ ಎಲ್ಲಿ ಮುಗೀತದರಿ? ಯಾವ ದೇವರು ಖರೇ ಅಂತ ಗೊತ್ತಿಲ್ಲಂದ್ರ ದರ್ಗಾಕ್ಕೂ ಹಚ್ಚಬೇಕು, ಚರ್ಚಿಗೂ ಹಚ್ಚಬೇಕು, ಕುರುಬರ ಅಮಸಿದ್ದಗೂ ಹಚ್ಚಬೇಕು. ಒಬ್ಬಾಂವ ಬಿಟ್ಟು ಹೋದ್ರ ಅವನಽ ಖರೇ ದೇವರಾಗಿರ್ತಾನ. ನನ್ನ ಪಗಾರ ಎಲ್ಲಾ ಎಣ್ಣಿ ಅಂಗಡಿಗೆ ಹೋಗ್ತದರಿ."

ಸರ್ ಕೆಳಗಿಳಿದರು. ಮರುದಿನ ಬೆಳಿಗ್ಗೆ ನಳದಲ್ಲಿ ಗಾಳಿ ಮಾತ್ರ ಬಂತು.

ತಿಪ್ಪವ್ವ ಮೊದಲೇ ತಯಾರಾಗಿದ್ದಳು. ಹಿತ್ತಾಳೆಯ ಹಣತೆ, ಬತ್ತಿ, ಕಡ್ಡಿಪೆಟ್ಟಿಗೆ. ಬೌದ್ಧ ದೀಕ್ಷೆಯ ದಿನ ಆಕೆಯೂ ಮಗಳ ಪಕ್ಕ ನಿಂತು ಪ್ರತಿಜ್ಞೆಗಳನ್ನು ಹೇಳಿದ್ದಳು. ಆದರೆ ನಡುವೆ ಕೆಮ್ಮು ಬಂದು ಒಂದಷ್ಟು ತಪ್ಪಿಹೋದವು, ದೇವರ ಪೂಜೆ ಮಾಡುವುದಿಲ್ಲ ಎಂಬವೆಲ್ಲ ಆ ಕೆಮ್ಮಿನಲ್ಲೇ ಹೋದವು ಎಂದು ಆಕೆಯ ವಾದ.

"ನಾನಽ ಹಚ್ಚತೀನಿ ಬಿಡು. ನಾ ಅಂತೂ ಬಾಯಿಬಿಟ್ಟು ಪೂಜಾ ಮಾಡಂಗಿಲ್ಲ ಅಂದಾಕಿ ಅಲ್ಲ."

"ಯವ್ವಾ, ನಿನ್ನ ಮನಸ್ಸಿಗೆ ಬಂದು ಹಚ್ಚಿದ್ರ ನಾ ಬ್ಯಾಡ ಅನ್ನಂಗಿಲ್ಲ. ನೀರಿನ ಸಲುವಾಗಿ ಹಚ್ಚಬ್ಯಾಡ."

"ನನ್ನ ಮನಸ್ಸಿಗೆ ನೀರೂ ಬೇಕಾಗೇತಲ್ಲ" ಎಂದು ಗೊಣಗಿ ತಿಪ್ಪವ್ವ ಹಣತೆಯನ್ನು ಸೆರಗಿನಲ್ಲಿ ಒರೆಸಿ ಇಟ್ಟಳು.

ನೀರು ಬಂತು, ಬೇರೆ ದಾರಿಯಿಂದ. ದೇವರ ಕೋಣೆಯ ಛಾವಣಿಯ ಮೂಲೆಯೊಂದು ಮೊದಲಿನಿಂದಲೂ ಹಸಿ ಇತ್ತು. ಸರಿಯಾಗಿ ಅದರ ಮೇಲೆಯೇ ಟಾಕಿ. ಈಗ ಅಲ್ಲಿಂದ ತೊಟ್ಟಿಕ್ಕತೊಡಗಿತು. ಯಶೋಧರಾ ಪುಸ್ತಕಗಳನ್ನು ಈಚೆ ಸರಿಸಿ ಬಕೆಟ್ ಇಟ್ಟಳು. ಮುಂಜಾನೆಗೆ ಬಕೆಟ್ ತುಂಬಿತ್ತು. ತಿಪ್ಪವ್ವ ಅದಕ್ಕೆ ಕೈಮುಗಿದು ಬ್ಯಾಳಿ ಬೇಯಲು ಇಟ್ಟಳು.

ನೀರಿಲ್ಲದೆ ಸೋತು ಕೂತಿರುತ್ತಾರೆ ಎಂದುಕೊಂಡು ಬಂದ ಸರ್‌ಗೆ ಒಗ್ಗರಣೆಯ ವಾಸನೆ ಎದುರಾಯಿತು.

"ನೀರು ಎಲ್ಲಿಂದ ಬಂತು?"

ತಿಪ್ಪವ್ವ ಕೋಣೆ ತೋರಿಸಿದಳು. ಸರ್ ತಲೆ ಎತ್ತಿ ಛಾವಣಿಯ ಹಸಿ ಮೂಲೆ ನೋಡಿದರು. ಅವರ ದನಿ ಸಣ್ಣದಾಯಿತು. "ನಾ ಬಂದ್ ಮಾಡೀನಿ. ಆದ್ರೂ ದೇವರ ಕೋಣ್ಯಾಗಽ ನೀರು ಬೀಳಾಕತ್ತದ. ಇದಕ್ಕ ಏನಂತಿ, ಯಶೋಧರಾ?"

"ದೇವರು ನನ್ನ ಕಡೆ ಅದಾನ ಅಂತೀನ್ರಿ. ದೀಪಾ ಹಚ್ಚದಽ ಇದ್ರೂ ಕೊಡಾಕತ್ತಾನ. ಹಚ್ಚಿದ್ರ ಬಂದ್ ಮಾಡ್ಯಾನು."

"ಹುಚ್ಚಿ, ಟಾಕಿ ಸೋರಾಕತ್ತದ."

"ನಾನೂ ಅದನ್ನಽ ಅಂತೀನ್ರಿ."

ಸರ್ ಕುರ್ಚಿ ಎಳೆದುಕೊಂಡು ಕೂತರು. ಮೂವತ್ತು ವರ್ಷ ಪಾಠ ಮಾಡಿದವರಿಗೆ ಹೀಗೆ ಎದುರು ಮಾತಾಡುವ ವಿದ್ಯಾರ್ಥಿ ಸಿಕ್ಕಿರಲಿಲ್ಲ. ಸಿಟ್ಟಿನ ಒಳಗೆ ಎಲ್ಲೋ ಖುಷಿಯೂ ಆಗುತ್ತಿತ್ತು. "ಆತು. ಈ ಮನಿ ನೋಡು. ಇದು ತಾನಽ ಎದ್ದು ನಿಂತದೇನು? ಕಟ್ಟಿದಾಂವ ಒಬ್ಬ ಇರಬೇಕು. ಹಂಗಽ ಈ ಜಗತ್ತಿಗೂ ಕಟ್ಟಿದಾಂವ ಒಬ್ಬ. ಅವಗ ನಾವು ಕೈ ಮುಗೀಬೇಕು. ಇಷ್ಟಽ ನನ್ನ ಮಾತು."

"ಈ ಮನಿ ಕಟ್ಟಿದಾಂವ ಯಾರ್ರಿ?"

"ಟಿಕೋಟಾದಾಂವ ಒಬ್ಬ ಗೌಂಡಿ." ಸರ್ ಹಣೆ ಉಜ್ಜಿಕೊಂಡರು. "ಹೆಸರು ನೆನಪಾಗವಲ್ದು."

"ನಿಮ್ಮ ಕಣ್ಣ ಮುಂದ ಮನಿ ಕಟ್ಟಿದವನ ಹೆಸರು ನಿಮಗ ಗೊತ್ತಿಲ್ಲ. ಯಾರೂ ಇಲ್ಲದಾಗ ಜಗತ್ತು ಕಟ್ಟಿದವನ ಹೆಸರು, ಅವನ ಹೇಣ್ತಿ ಹೆಸರು, ಅವನ ಎತ್ತಿನ ಹೆಸರು ಸೈತ ಗೊತ್ತು."

ತಿಪ್ಪವ್ವ ನಕ್ಕಳು. ಸರ್ ಎದ್ದು ನಿಂತರು. "ನಡೀ, ಹುಡುಕೂಣು. ಕಟ್ಟಿದಾಂವ ನಾನಽ ಅಂತ ಅವನ ಬಾಯಿಂದಽ ಹೇಳಸ್ತೀನಿ."

"ಶರತ್ತು ಇರಲಿ ಸರ್. ಮನಿ ಕಟ್ಟಿದಾಂವ ಒಬ್ಬನಽ ಅಂತ ಆದ್ರ ನಾ ದೀಪಾ ಹಚ್ಚತೀನಿ. ಅಲ್ಲಂದ್ರ ನೀವು ವಾಲ್ವ್ ತಗದು ನೀರು ಬಿಡಬೇಕು."

"ತಗೀತೀನಿ."

ಸರ್ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು, ಗಾಡಿ ಓಡಿಸುವಂತಿರಲಿಲ್ಲ. ಭಾನುವಾರ ಅವಳ ಸ್ಕೂಟಿಯ ಹಿಂದೆ ಕೂತರು. ರಸ್ತೆಯ ಮೊದಲ ಉಬ್ಬಿಗೇ ಗಾಬರಿಯಾಗಿ ಅವಳ ಹೆಗಲು ಹಿಡಿದು, "ತಪ್ಪು ತಿಳಕೋಬ್ಯಾಡ, ನನ್ನ ಮಗಳಿದ್ದಂಗ ನೀ" ಎಂದರು. ಊರು ದಾಟಿದ ಮೇಲೂ ಕನ್ನಡಿಯಲ್ಲಿ ಗೋಳಗುಮ್ಮಟ ಕಾಣುತ್ತಿತ್ತು.

"ಅದನ್ನ ನೋಡು. ಅದೂ ತಾನಽ ನಿಂತದೇನು?"

"ಅದನ್ನ ಕಟ್ಟಿಸಿದ ಬಾದಶಾನ ಹೆಸರು ಹುಡುಗರಿಗೆ ದಿನಾ ಹೇಳಿಕೊಡ್ತೀನ್ರಿ. ಕಲ್ಲು ಹೊತ್ತವರ ಹೆಸರು ನನಗ ಯಾರೂ ಹೇಳಿಕೊಟ್ಟಿಲ್ಲ."

ಟಿಕೋಟಾದಲ್ಲಿ ಕೇಳುತ್ತ ಹೋದರು. ಊರಾಚೆ ದ್ರಾಕ್ಷಿ ಒಣಗಿಸುವ ಶೆಡ್ಡಿನ ಗೋಡೆಗೆ ಒಬ್ಬ ಸಿಮೆಂಟಿನ ಗಿಲಾವ ಹಚ್ಚುತ್ತಿದ್ದ. ಸರ್ ಮುಖ ಕಂಡದ್ದೇ ಕ್ರೇಟುಗಳ ಹಿಂದೆ ಕೂತುಬಿಟ್ಟ.

"ಜಲನಗರದಾಗ ಮನಿ ಕಟ್ಟಿದ ಗೌಂಡಿ ಇಲ್ಲಿ ಅದಾನೇನು?" ಸರ್ ಕೂಗಿದರು.

"ರಾಜಾರಾಮ ಇಲ್ಲರಿ. ಊರಿಗೆ ಹೋಗ್ಯಾನ" ಎಂದು ಕ್ರೇಟುಗಳ ಹಿಂದಿನಿಂದ ರಾಜಾರಾಮನೇ ಹೇಳಿದ.

"ಸೋರೂದಕ್ಕ ಬೈಯಾಕ ಬಂದಿಲ್ರಿ ಅಣ್ಣಾರ. ಒಂದು ಮಾತು ಕೇಳಾಕ ಬಂದೀವಿ" ಎಂದಳು ಯಶೋಧರಾ.

ರಾಜಾರಾಮ ಮೆಲ್ಲಗೆ ಎದ್ದ. ಅವಳ ಚೀಲಕ್ಕೆ ಚುಚ್ಚಿದ್ದ ನೀಲಿ ಚಕ್ರದ ಬಿಲ್ಲೆ ಕಂಡು ಮುಖ ಅರಳಿತು. "ಜೈಭೀಮ್, ಅಕ್ಕಾರ."

"ಜೈಭೀಮ್."

ಸರ್ ಬಿಲ್ಲೆ ನೋಡಿದರು, ರಾಜಾರಾಮನನ್ನು ನೋಡಿದರು, ಅವಳನ್ನು ನೋಡಿದರು. ಹೊಸ ಕಣ್ಣು ಚೆನ್ನಾಗಿ ಕೆಲಸ ಮಾಡುತ್ತಿತ್ತು.

"ಆ ಮನಿ ಕಟ್ಟಿದಾಂವ ನೀನಽ ಹೌದಲ್ಲೋ?"

"ಗೋಡಿ ನಂದ್ರಿ. ಗೋಡಿ ಎಲ್ಲೆರ ಸೋರೇತೇನ್ರಿ? ಸ್ಲ್ಯಾಬ್ ನಂದಲ್ಲ. ಅದು ಬಬಲೇಶ್ವರದ ಅಬ್ದುಲಸಮದಂದು. ಆ ದೇವರ ಕೋಣಿ ಸೈತ ನಂದಲ್ಲರಿ. ನಾ ಕಟ್ಟಿದ್ದು ಬಚ್ಚಲಾ. ಆಮ್ಯಾಲ ನಿಮ್ಮ ಮನಿ ಅಕ್ಕಾರು ವಾಸ್ತು ಕೇಳಿಸಿಕೊಂಡು ಬಂದು ಬಚ್ಚಲಾ ಆ ಕಡೆ ಒಯ್ದ್ರು, ದೇವರನ್ನ ಈ ಕಡೆ ತಂದ್ರು."

ಯಶೋಧರಾ ನಗು ತಡೆದುಕೊಂಡಳು. ಸೋರಿಕೆ ಮುಚ್ಚಲು ನಾಳೆ ಬರುವುದಾಗಿ ರಾಜಾರಾಮ ಒಪ್ಪಿದ. ಇವನೊಬ್ಬನ ಮಾತು ಸಾಲದು, ಸ್ಲ್ಯಾಬಿನವನನ್ನೂ ಕೇಳಬೇಕು ಎಂದು ಸರ್ ಹಟ ಹಿಡಿದರು.

ಬಬಲೇಶ್ವರದ ಅಡ್ಡರಸ್ತೆಯಲ್ಲಿ ತಗ್ಗುಗಳಿಗೆ ಲೆಕ್ಕವಿರಲಿಲ್ಲ. ಮೊದಲ ತಗ್ಗಿಗೆ ಸ್ಕೂಟಿ ಹಾರಿತು. ಯಶೋಧರಾಳ ಹೆಗಲ ಮೇಲೆ ಕೈ ಬೀಳಲಿಲ್ಲ.

"ಹಿಡ್ಕೋರಿ ಸರ್, ಬೀಳ್ತೀರಿ."

"ಹಿಡ್ಕೊಂಡೀನಿ. ಸೀಟಿನ ಹಿಂದ ಕಬ್ಬಿಣ ಅದಲ್ಲ."

ಇನ್ನೆರಡು ತಗ್ಗು ದಾಟಿದರು.

"ಮೊದಲಽ ಹೇಳಬಹುದಿತ್ತು ನೀವು." ಅವಳಿಗೆ ಅವರು ನೀವು ಎಂದದ್ದು ಅದೇ ಮೊದಲು.

"ಏನಂತ್ರಿ?"

"ಏನಿಲ್ಲ. ನಾ ಜಾತಿ ನೋಡಂಗಿಲ್ಲ."

"ಮತ್ತ ಈಗ ಏನು ನೋಡಿದ್ರಿ?"

"ರಸ್ತೆ ನೋಡ್ರಿ, ರಸ್ತೆ."

ಅಬ್ದುಲಸಮದ ತನ್ನ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಸರ್ ಸೀದಾ ವಿಷಯಕ್ಕೆ ಬಂದರು: "ನೀ ದೈವಭಕ್ತ ಇದ್ದಿ. ಹೇಳು, ಈ ಜಗತ್ತು ಕಟ್ಟಿದಾಂವ ಒಬ್ಬನೋ, ಭಾಳ ಮಂದಿಯೋ?"

"ಒಬ್ಬನಽರಿ. ಅದರಾಗ ಎರಡು ಮಾತಿಲ್ಲ."

"ಕೇಳಿದ್ರಿ?" ಸರ್ ಯಶೋಧರಾಳ ಕಡೆ ತಿರುಗಿದರು.

"ನಿಮ್ಮ ಮನಿ ಮಾತ್ರ ಭಾಳ ಮಂದಿ ಕಟ್ಟ್ಯಾರರಿ" ಅಬ್ದುಲಸಮದ ಮುಂದುವರಿಸಿದ. "ಗೋಡಿ ರಾಜಾರಾಮಂದು, ಸ್ಲ್ಯಾಬ್ ನಂದು. ಟಾಕಿ ಪ್ಲಂಬರಂದು, ಅಲ್ಲಿ ಇಡಬ್ಯಾಡ ಅಂತ ನಾ ಬಡ್ಕೊಂಡಿದ್ದೆ. ಮನಿಯಾಗ ಏನೇನು ಛಲೋ ಐತಿ, ಅದು ನಂದು ಅಂತ ತಿಳೀರಿ. ಸೋರೂದು ಬ್ಯಾರೇದವರದು."

"ಸರ್, ಜಗತ್ತಿನ ಕತಿನೂ ಹಿಂಗಽ ಇದ್ದೀತು" ಎಂದಳು ಯಶೋಧರಾ. "ಸೋರಾಕತ್ತಿತು ಅನ್ನೂದು ಗೊತ್ತಾದ ಮ್ಯಾಲ ಕಟ್ಟಿದಾಂವ ಕ್ರೇಟಿನ ಹಿಂದ ಕುಂತಾನ."

ಸರ್ ತಡೆಯಲಾರದೆ ನಕ್ಕರು. ಒಂದು ಗಳಿಗೆ ಅವರು ಬರೀ ಮಾಸ್ತರರಾಗಿದ್ದರು. "ಸೋತೆ" ಎಂದರು. "ವಾಲ್ವ್ ತಗೀತೀನಿ."

ಮನೆಗೆ ಮುಟ್ಟುವವರೆಗೂ ಹಿಂದಿನ ಕಬ್ಬಿಣವನ್ನು ಬಿಡಲಿಲ್ಲ. ವಾಲ್ವನ್ನೂ ತೆಗೆಯಲಿಲ್ಲ. ಸೋರೂದು ರಿಪೇರಿ ಆಗ್ಲಿ, ಆಮ್ಯಾಲ ತಗೀತೀನಿ ಎಂದು ಕೆಳಗಿನಿಂದಲೇ ಹೇಳಿದರು.

ಸೋಮವಾರ ಮುಂಜಾನೆ, ಯಶೋಧರಾ ಶಾಲೆಗೆ ಹೊರಡುವ ಮೊದಲು ರಾಜಾರಾಮ ಕರಣಿ, ಸಿಮೆಂಟಿನ ಬುಟ್ಟಿ ಹಿಡಿದು ಬಂದ. ಸರ್ ಹಿಂದೆ ಬಂದರು. ಮೊಣಕಾಲು ಹಿಡಿದುಕೊಂಡೇ ಮೆಟ್ಟಿಲು ಹತ್ತಿದ ಸೌಭಾಗ್ಯಕ್ಕ ಎಲ್ಲರಿಗಿಂತ ಮೊದಲು ದೇವರ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಗಂಡ ಅವರಿಗೆ ಎಲ್ಲವನ್ನೂ ಹೇಳಿದ್ದರು. ಶರತ್ತು ಸೋತದ್ದು ಅದರಲ್ಲಿ ಸಣ್ಣ ಸುದ್ದಿ.

"ಅಲ್ಲಿಂದಽ ನೋಡಪಾ. ತಪ್ಪು ತಿಳಕೋಬ್ಯಾಡ. ದೇವರ ಕೋಣಿ ಅದ."

"ಹೊರಗ ನಿಂತು ಗಿಲಾವ ಹಚ್ಚಾಕ ಬರಂಗಿಲ್ರಿ ಅಕ್ಕಾರ."

"ತಾರಸಿ ಮ್ಯಾಲಿಂದ ಮಾಡು."

"ಕೆಲಸ ನಡದಾಗ ನಾ ಇದಽ ಕೋಣ್ಯಾಗ ಮಲಗತಿದ್ದೆರಿ, ಸಿಮೆಂಟ್ ಚೀಲ ಹಾಸ್ಕೊಂಡು."

"ಅವಾಗ ಅದು ಬಚ್ಚಲಾ ಇತ್ತು" ಎಂದರು ಸೌಭಾಗ್ಯಕ್ಕ.

ಯಶೋಧರಾ ಮುಂದೆ ಬಂದಳು. "ಅವರೂ ನಾವೂ ಒಂದಽರಿ. ನಾ ದಿನಾ ಈ ಕೋಣ್ಯಾಗ ಹೋಗ್ತೀನಲ್ಲ?"

ಸೌಭಾಗ್ಯಕ್ಕ ಸ್ವಲ್ಪ ಯೋಚಿಸಿದರು. "ನೀವು ಬಾಡಿಗಿ ಕೊಡ್ತೀರಿ" ಎಂದರು.

"ಸರ್, ಶರತ್ತು?"

ಸರ್ ಹೆಂಡತಿಯ ಮುಖ ನೋಡಿದರು. "ಶರತ್ತು ನೀವು ಗೆದ್ದೀರಿ. ಸುಳ್ಳು ಅನ್ನಂಗಿಲ್ಲ. ಆದ್ರ ಸಂಸಾರ ಅಂದ ಮ್ಯಾಲ ತರ್ಕಾ ಒಂದಽ ಸಾಲಂಗಿಲ್ಲ." ಅವರಿಗೆ ಥಟ್ಟನೆ ದಾರಿಯೊಂದು ಹೊಳೆಯಿತು. "ತಿಪ್ಪವ್ವಾ, ನೀ ದೇವರನ್ನ ನಂಬಾಕಿ. ಮಗಳ ಮಾತು ಬಿಡು. ನೀ ಬಂದು ಒಂದು ದೀಪಾ ಹಚ್ಚಿಬಿಡು. ಈಗಿಂದೀಗ ವಾಲ್ವ್ ತಗೀತೀನಿ. ಇವನೂ ಮ್ಯಾಲ ಹೋಗಿ ಟಾಕಿ ಬುಡಕ್ಕ ಸಿಮೆಂಟ್ ಹಾಕಿ ಹೋಗ್ಲಿ. ಎಲ್ಲಾರ ಮಾತೂ ಉಳೀತದ."

ಯಶೋಧರಾ ಬಾಯಿ ತೆರೆದವಳು ಮುಚ್ಚಿಕೊಂಡಳು. ಮನಸ್ಸಿಗೆ ಬಂದರೆ ಹಚ್ಚು ಎಂದು ತಾನೇ ಹೇಳಿದ್ದಳು.

ತಿಪ್ಪವ್ವ ಎಲೆಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ ಬಂದಳು. ಎಣ್ಣೆ ಹೊಯ್ದು ಬತ್ತಿ ಹಾಕಿದ ಹಣತೆ ಒಂದು ಕೈಯಲ್ಲಿ, ಕಡ್ಡಿಪೆಟ್ಟಿಗೆ ಇನ್ನೊಂದರಲ್ಲಿ. ಸೌಭಾಗ್ಯಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹೊಸ್ತಿಲ ಈಚೆ ರಾಜಾರಾಮ ನಿಂತಿದ್ದ. ಬುಟ್ಟಿಯಲ್ಲಿ ಕಲೆಸಿದ ಸಿಮೆಂಟ್ ಗಟ್ಟಿಯಾಗತೊಡಗಿತ್ತು.

"ಸರ್, ನನಗ ನಿಮ್ಮ ತರ್ಕಾ ತಿಳಿಯಂಗಿಲ್ರಿ" ಎಂದಳು ತಿಪ್ಪವ್ವ. "ಕಟ್ಟಿದಾಂವಗ ಕೈ ಮುಗೀಬೇಕು ಅಂದಿದ್ರಿ ಹೌದಲ್ಲರಿ?"

"ಹೌದವ್ವಾ. ಅದಽ ನನ್ನ ಮಾತು."

"ಕಟ್ಟಿದಾಂವ ಇಲ್ಲಿ ಹೊರಗ ನಿಂತಾನಲ್ಲರಿ. ನಾ ಒಳಗ ಹೋಗಿ ಯಾರಿಗೆ ಹಚ್ಚಲಿ?"

ಬಕೆಟ್ಟಿನಲ್ಲಿ ಒಂದು ಹನಿ ಬಿತ್ತು.

"ಹಚ್ಚವ್ವಾ, ಹೊತ್ತಾತು" ಎಂದರು ಸೌಭಾಗ್ಯಕ್ಕ.

ತಿಪ್ಪವ್ವ ಹಣತೆಯನ್ನು ನೆಲಕ್ಕಿಟ್ಟಳು. ಕಡ್ಡಿಪೆಟ್ಟಿಗೆಯನ್ನು ಕುಪ್ಪಸದೊಳಗೆ ಸೇರಿಸಿ, ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು.

"ನಾ ಹಚ್ಚಂಗಿಲ್ರಿ."