ರಾಣಿ ಹೇಳದ ಮಾತು

ಮದರಾಸಿನ ಕೀಲ್ಪಾಕಿನ ಕನ್ನಡದವರೆಲ್ಲ ನಂದಿತಾಳನ್ನು ಮಹಾರಾಣಿ ಎಂದೇ ರೇಗಿಸುತ್ತಿದ್ದರು. ಗಂಡ ರವಿಕಿರಣ್ ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್, ಕನ್ನಡ ಸಂಘದ ಕಾರ್ಯದರ್ಶಿ. ಹೆಂಡತಿಗೆ ಬಿಸಿಲು ತಾಗಬಾರದೆಂದು ಕೋಯಂಬೇಡು ಮಾರ್ಕೆಟ್ಟಿನಿಂದ ತರಕಾರಿಯನ್ನೂ ತಾನೇ ಹೊತ್ತು ತರುವವನು. ಅಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎನ್ನುತ್ತಿದ್ದರು ಹೆಂಗಸರು. ಸ್ವಂತ ಮನೆಯ ಬೀಗದ ಕೈಯೂ ಕೈಯಲ್ಲಿಲ್ಲದ ಮಹಾರಾಣಿ ಅವಳೆಂದು ಅವರಿಗೇನು ಗೊತ್ತು.

ಎರಡು ಸಾವಿರದ ಮೂರರ ರಾಜ್ಯೋತ್ಸವಕ್ಕೆ ಸಂಘದವರು ನಾಟಕ ಇಟ್ಟುಕೊಂಡರು. ಕಟುಕ ರಾಜ, ಅವನನ್ನು ತಡೆಯಲು ಹೋಗುವ ರಾಣಿ. ಗಂಡ ಹೆಂಡತಿಯೇ ಮಾಡಿದರೆ ಚೆಂದವೆಂದು ಎಲ್ಲರೂ ಹಟ ಹಿಡಿದರು. ನಂದಿತಾ ಒಪ್ಪಿದ್ದು ಬಣ್ಣದ ಆಸೆಗೆ. ದಪ್ಪ ಬಣ್ಣದ ಕೆಳಗೆ ಕೆನ್ನೆಯ ಕಲೆ ಕಾಣುವುದಿಲ್ಲ. ಪೆಟ್ಟು ತಿನ್ನುವುದಕ್ಕಿಂತ, ತಿಂದದ್ದು ನಾಲ್ಕು ಜನಕ್ಕೆ ತಿಳಿಯುವುದೇ ಅವಳಿಗೆ ದೊಡ್ಡ ನಾಚಿಕೆ. ವಡಪಳನಿಯ ಸಿನಿಮಾ ಸ್ಟುಡಿಯೋದಿಂದ ಬಂದ ಮೇಕಪ್ಪಿನವನು ಕೆನ್ನೆ ನೋಡಿ, ಏನೂ ಕೇಳದೆ ಇನ್ನೊಂದು ಸಲ ಬಣ್ಣ ಬಳಿದ. ಕೇಳಲಿಲ್ಲವಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ಮತ್ತೆ ನಾಚಿಕೆಯಾಯಿತು.

ಪ್ರಾಕ್ಟೀಸಿನಲ್ಲಿ ರವಿಕಿರಣ್ "ಬಾ ಇಲ್ಲಿ!" ಎಂದು ಗುಡುಗುತ್ತಿದ್ದ. ಆ ಗುಡುಗಿಗೆ ಅವಳು ಹೆದರುತ್ತಿರಲಿಲ್ಲ. ಮನೆಯಲ್ಲಿ ಅವನು ದನಿ ಏರಿಸುವವನೇ ಅಲ್ಲ. ಆದರೆ ನಾಟಕದ ಸಂಜೆ ಮೈಕು ಕಿರ್ರೆಂದು ಕಿರುಚತೊಡಗಿತು. ಪರದೆಯ ಮರೆಯಲ್ಲಿ ಮಾತು ಎತ್ತಿಕೊಡುತ್ತಿದ್ದ ತಿರುಮಲ, "ಕೂಗ್ಬೇಡಪ್ಪಾ ರವಿ, ಕೊಂಚಂ ಮೆದುವಾ ಮಾತಾಡು" ಎಂದರು. ರವಿಕಿರಣ್ ದನಿ ತಗ್ಗಿಸಿ, ಮೆಲ್ಲಗೆ, "ಬಾ ಇಲ್ಲಿ" ಎಂದ.

ನಂದಿತಾಳ ಎರಡೂ ಕೈ ತಾವಾಗಿಯೇ ಮುಖ ಮುಚ್ಚಿಕೊಂಡವು. ಮೈ ಮುದುಡಿ ಕುಕ್ಕರಿಸಿದಳು. ಕಿರೀಟ ಉರುಳಿ ಬಿತ್ತು. ರಾಜ ಇನ್ನೂ ಕೈಯನ್ನೇ ಎತ್ತಿರಲಿಲ್ಲ.

"ಏನ್ ಆಕ್ಟಿಂಗು ಕಣ್ರೀ!" ಎಂದು ಯಾರೋ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು.

ಆಗ ಮುಂದಿನ ಸಾಲಿನಲ್ಲಿದ್ದ ಮಗಳು ತೇಜು ಕುರ್ಚಿಯ ಮೇಲೆ ಎದ್ದು ನಿಂತಳು. ಒಂದನೇ ಕ್ಲಾಸಿನ ಹುಡುಗಿ, ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ತಮಿಳೇ.

"ಅಮ್ಮಾ, ಭಯಪ್ಪಡಾದೇ! ಎಲ್ಲಾರುಂ ಇರುಕ್ಕಾಂಗ. ಅಪ್ಪಾ ಇಪ್ಪೋ ಅಡಿಕ್ಕಮಾಟ್ಟಾರ್!"

ಹೆದರಬೇಡ, ಎಲ್ಲರೂ ಇದ್ದಾರೆ, ಅಪ್ಪ ಈಗ ಹೊಡೆಯುವುದಿಲ್ಲ. ಮದರಾಸಿನ ನೀರು ಕುಡಿದ ಕನ್ನಡಿಗರಿಗೆ ಇಷ್ಟು ತಮಿಳನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಚಪ್ಪಾಳೆ ನಿಂತಿತು.

ನೆಲ ಬಾಯಿಬಿಟ್ಟು ನುಂಗಬಾರದೆ ಎನಿಸಿತು ನಂದಿತಾಳಿಗೆ. ಅವಳು ಮಾತು ಮರೆತಳೆಂದುಕೊಂಡ ತಿರುಮಲ, "'ಕ್ಷಮಿಸಿ ಪ್ರಭು, ತಪ್ಪು ನನ್ನದು.' ಸೊಲ್ಲಮ್ಮಾ, ಹೇಳು" ಎಂದು ಪಿಸುಗುಟ್ಟಿದರು. ರವಿಕಿರಣ್ ಜನರ ಕಡೆ ನಕ್ಕು, ಅವಳಿಗೆ ಮಾತ್ರ ಕೇಳುವಂತೆ, "ಹೇಳು" ಎಂದ. ಮನೆಯಲ್ಲಿ ಎಷ್ಟು ಸಲ ಹೇಳಿದ್ದಳೋ ಆ ಮಾತನ್ನು. ಮಗಳ ಎದುರು ಈಗ ಬಾಯಿ ಬರಲಿಲ್ಲ.

ಅವಳು ವೇದಿಕೆಯಿಂದ ಇಳಿದು, ತೇಜುವನ್ನು ಎತ್ತಿಕೊಂಡು, ಕೆಳಗಿನ ಫ್ಲಾಟಿನ ವೆಂಕಟಲಕ್ಷ್ಮಿಯ ಮುಂದೆ ನಿಂತಳು.

"ಮಾಮಿ, ಇವತ್ತು ನಿಮ್ಮನೇಲಿ ಇರ್ಲಾ?"

ವೆಂಕಟಲಕ್ಷ್ಮಿ ತಲೆ ಎತ್ತಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಬಾಮ್ಮಾ" ಎಂದಳು. "ನೀನು ಅಳೋದು ಕೇಳಿಸಿದಾಗೆಲ್ಲ ನಾನು ಟೀವಿ ಸೌಂಡ್ ಜಾಸ್ತಿ ಮಾಡ್ತಿದ್ದೆ."